ಪೇಪರ್, ಎಣ್ಣೆ ಹಚ್ಚಿದ್ದು, ಡ್ರೈ: ಕಾರಿಗೆ ಯಾವ ಏರ್ ಫಿಲ್ಟರ್ ಹಾಕಬೇಕು?

ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ಸುಮಾರು 9,000 ಲೀಟರ್ ಗಾಳಿ ಬೇಕು. ಬೇಸಿಗೆಯಲ್ಲಿ ಬೆಂಗಳೂರಿನ ಬೀದಿಗಳಿಗೆ ಬರುವ 6,000 ಲೀಟರಿನ ನೀರಿನ ಟ್ಯಾಂಕರ್ ನೆನಪು ಮಾಡಿಕೊಳ್ಳಿ. ಅಂಥ ಒಂದೂವರೆ ಟ್ಯಾಂಕರ್ ತುಂಬುವಷ್ಟು ಗಾಳಿಯನ್ನು ನಿಮ್ಮ ಕಾರು ಪ್ರತಿ ಲೀಟರ್ ಪೆಟ್ರೋಲಿಗೂ ಒಳಗೆ ಎಳೆದುಕೊಳ್ಳುತ್ತದೆ. 40 ಲೀಟರ್ ಟ್ಯಾಂಕ್ ಖಾಲಿಯಾಗುವಷ್ಟರಲ್ಲಿ ಮೂರೂವರೆ ಲಕ್ಷ ಲೀಟರಿಗೂ ಜಾಸ್ತಿ ಗಾಳಿ ಎಂಜಿನ್ ಒಳಗೆ ಹೋಗಿ ಬಂದಿರುತ್ತದೆ.

ಆ ಗಾಳಿ ಎಲ್ಲಿಯದು? ಮೆಟ್ರೋ ಕಾಮಗಾರಿ ನಡೆಯುವ ರಸ್ತೆಯದು. ಸಂಡೂರಿನ ಕಡೆ ಅದಿರಿನ ಲಾರಿ ಎಬ್ಬಿಸಿದ ಕೆಂಪು ಪುಡಿಯದು. ಡಾಂಬರು ಕಾಣದ ಊರದಾರಿಯದು. ಇಷ್ಟು ಗಾಳಿಗೂ ಎಂಜಿನ್ನಿಗೂ ನಡುವೆ ಇರುವುದು ಒಂದೇ ಒಂದು ತಡೆ. ಅದೇ ಏರ್ ಫಿಲ್ಟರ್.

ಹಿಂದೆ ಇದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಸರ್ವಿಸ್‌ಗೆ ಬಿಟ್ಟಾಗ ಪೇಪರ್ ಫಿಲ್ಟರ್ ತೆಗೆದು ಹೊಸ ಪೇಪರ್ ಫಿಲ್ಟರ್ ಹಾಕುತ್ತಿದ್ದರು, ಅಷ್ಟೇ. ಈಗ ಆನ್‌ಲೈನ್ ಅಂಗಡಿ ತೆರೆದರೆ ಕೆಂಪು ಬಣ್ಣದ, ತೊಳೆದು ಮತ್ತೆ ಬಳಸುವ ಫಿಲ್ಟರ್‌ಗಳು ಕಾಣುತ್ತವೆ. "ಒಮ್ಮೆ ಹಾಕಿದರೆ ಸಾಕು, ಪವರ್ ಜಾಸ್ತಿ, ಮೈಲೇಜ್ ಜಾಸ್ತಿ" ಎನ್ನುವ ಮಾತು ಜೊತೆಗಿರುತ್ತದೆ. ಬೆಲೆ ಮಾತ್ರ ಪೇಪರಿಗಿಂತ ಹತ್ತು ಪಟ್ಟು ಇರಬಹುದು. ಕೊಳ್ಳಬೇಕಾ, ಬೇಡವಾ? ಇದನ್ನು ತೀರ್ಮಾನಿಸಲು ಮೆಕ್ಯಾನಿಕ್ ಆಗಬೇಕಿಲ್ಲ. ಫಿಲ್ಟರ್ ಧೂಳನ್ನು ಹೇಗೆ ಹಿಡಿಯುತ್ತದೆ ಅನ್ನುವುದು ಗೊತ್ತಾದರೆ ಸಾಕು.

ಅದಕ್ಕೂ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಕಾರಿನಲ್ಲಿ ಗಾಳಿ ಸೋಸುವ ಫಿಲ್ಟರ್ ಸಾಮಾನ್ಯವಾಗಿ ಎರಡು ಇರುತ್ತವೆ. ಒಂದು ಎಸಿ ಫಿಲ್ಟರ್, ಕ್ಯಾಬಿನ್ ಫಿಲ್ಟರ್ ಅಂತಲೂ ಕರೆಯುತ್ತಾರೆ. ಅದು ನಮ್ಮ ಮೂಗಿಗೆ ಬರುವ ಗಾಳಿಯನ್ನು ಸೋಸುತ್ತದೆ, ಹೆಚ್ಚಾಗಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಇನ್ನೊಂದು ಬಾನೆಟ್ ಕೆಳಗೆ, ಕಪ್ಪು ಪ್ಲಾಸ್ಟಿಕ್ ಡಬ್ಬಿಯೊಳಗೆ ಇರುವುದು. ಅದು ಎಂಜಿನ್ನಿನದು. ಸರ್ವಿಸ್ ಬಿಲ್ಲಿನಲ್ಲಿ ಎರಡನ್ನೂ "ಏರ್ ಫಿಲ್ಟರ್" ಅಂತಲೇ ಬರೆಯುವುದುಂಟು, ಕೇಳಿ ತಿಳಿದುಕೊಳ್ಳಿ. ಇಲ್ಲಿ ನಾವು ಮಾತಾಡುತ್ತಿರುವುದು ಎಂಜಿನ್ನಿನ ಫಿಲ್ಟರ್ ಬಗ್ಗೆ.

## ಅಷ್ಟು ಸಣ್ಣ ಧೂಳಿಗೆ ಯಾಕೆ ಹೆದರಬೇಕು?

ರಸ್ತೆ ಧೂಳಿನಲ್ಲಿ ಮಣ್ಣು, ಮಸಿ, ಟೈರ್ ಪುಡಿ ಎಲ್ಲ ಇರುತ್ತದೆ. ಇವುಗಳಲ್ಲಿ ಎಂಜಿನ್ನಿನ ನಿಜವಾದ ಶತ್ರು ಸಣ್ಣ ಮರಳು, ಅಂದರೆ ಕ್ವಾರ್ಟ್ಜ್. ಗಟ್ಟಿತನ ಅಳೆಯುವ ಮೋಸ್ ಮಾಪಕದಲ್ಲಿ ಕ್ವಾರ್ಟ್ಜ್‌ಗೆ 7 ಅಂಕ. ಕಬ್ಬಿಣಕ್ಕೆ ಸುಮಾರು 4. ಅಂದರೆ ಮರಳಿನ ಕಣ ಕಬ್ಬಿಣವನ್ನು ಸುಲಭವಾಗಿ ಗೀರಬಲ್ಲದು.

ಎಂಜಿನ್ ಒಳಗೆ ಪಿಸ್ಟನ್ ಮೇಲೆ ಕೆಳಗೆ ಓಡುವಾಗ ಅದರ ಉಂಗುರಗಳು ಸಿಲಿಂಡರ್ ಗೋಡೆಗೆ ನೇರವಾಗಿ ಉಜ್ಜುವುದಿಲ್ಲ. ನಡುವೆ ಆಯಿಲಿನ ತೆಳು ಪದರ ಇರುತ್ತದೆ. ಎಷ್ಟು ತೆಳು ಅಂದರೆ ಕೆಲವೇ ಮೈಕ್ರಾನ್. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂತಿಟ್ಟುಕೊಳ್ಳಿ, ಆಗ ಆ ಪದರದ ಅಂದಾಜು ಸಿಗುತ್ತದೆ. ಆ ಪದರಕ್ಕಿಂತ ಸ್ವಲ್ಪ ದಪ್ಪಗಿರುವ ಮರಳಿನ ಕಣ ಒಳಗೆ ಬಂತು ಅನ್ನಿ. ಅದು ಉಂಗುರಕ್ಕೂ ಗೋಡೆಗೂ ನಡುವೆ ಸಿಕ್ಕಿಕೊಂಡು ಎರಡನ್ನೂ ಕೆರೆಯುತ್ತದೆ. ಸರಿಸುಮಾರು 5ರಿಂದ 20 ಮೈಕ್ರಾನ್ ಗಾತ್ರದ ಕಣಗಳನ್ನು ಎಂಜಿನಿಯರುಗಳು ಬಹಳ ಹಾನಿಕರ ಅಂತ ಎಣಿಸುವುದು ಇದಕ್ಕೇ. ಇಷ್ಟು ಸಣ್ಣ ಕಣ ಒಂಟಿಯಾಗಿದ್ದರೆ ಬರಿಗಣ್ಣಿಗೆ ಕಾಣುವುದೂ ಇಲ್ಲ.

ಇಂಥ ಕಣಗಳು ಆಯಿಲ್ ಜೊತೆ ಸೇರಿದರೆ ಎಂಜಿನ್ ತುಂಬ ತೆಳುವಾದ ಅರೆಯುವ ಪೇಸ್ಟ್ ಓಡಾಡಿದಂತೆ. ಇದು ಒಂದು ದಿನದಲ್ಲಿ ಗೊತ್ತಾಗುವ ಹಾನಿ ಅಲ್ಲ. ವರ್ಷಗಳ ನಂತರ ಆಯಿಲ್ ಬೇಗ ಕಡಿಮೆಯಾಗುತ್ತದೆ, ಹೊಗೆ ನೀಲಿಯಾಗುತ್ತದೆ, ಏರಿನಲ್ಲಿ ಗಾಡಿ ಎಳೆಯುವುದಿಲ್ಲ. ಆಗ "ಎಂಜಿನ್ ಹಳೆಯದಾಯಿತು" ಅಂತ ಸುಮ್ನೆ ಒಪ್ಪಿಕೊಳ್ಳುತ್ತೇವೆ.

## ಫಿಲ್ಟರ್ ಬರೀ ಜರಡಿ ಅಲ್ಲ

ಫಿಲ್ಟರ್ ಅಂದಕೂಡಲೇ ರಾಗಿ ಹಿಟ್ಟು ಜರಡಿ ಹಿಡಿಯುವುದು ನೆನಪಾಗುತ್ತದೆ, ಅಲ್ವಾ? ತೂತಿಗಿಂತ ದೊಡ್ಡದು ನಿಲ್ಲುತ್ತದೆ, ಚಿಕ್ಕದು ಬೀಳುತ್ತದೆ. ಏರ್ ಫಿಲ್ಟರ್ ಸ್ವಲ್ಪ ಮಟ್ಟಿಗೆ ಹಾಗೆಯೇ ಕೆಲಸ ಮಾಡುತ್ತದೆ. ಆದರೆ ಅದರ ಮುಖ್ಯ ಕೆಲಸ ಬೇರೆ ರೀತಿಯದು.

ಫಿಲ್ಟರ್ ಒಳಗೆ ನಾರುಗಳ ದಟ್ಟ ಪೊದೆ ಇರುತ್ತದೆ. ಗಾಳಿ ಈ ಪೊದೆಯೊಳಗೆ ಅಂಕುಡೊಂಕಾಗಿ ಸುತ್ತಿ ಹೋಗಬೇಕು. ಗಾಳಿ ಹಗುರ, ತಿರುವಿನಲ್ಲಿ ತಿರುಗುತ್ತದೆ. ಧೂಳಿನ ಕಣ ಭಾರ, ಬಂದ ವೇಗಕ್ಕೆ ನೇರ ಹೋಗಿ ನಾರಿಗೆ ಬಡಿಯುತ್ತದೆ. ಘಾಟಿಯ ತಿರುವಿನಲ್ಲಿ ಬಸ್ಸು ತಿರುಗಿದರೂ ನಿಂತವರು ನೇರಕ್ಕೆ ವಾಲುತ್ತಾರಲ್ಲ, ಹಾಗೆ. ಇನ್ನು ಕೆಲವು ಕಣ ನಾರಿನ ಪಕ್ಕದಲ್ಲೇ ಹಾದುಹೋಗುವಾಗ ತಾಗಿ ಅಂಟಿಕೊಳ್ಳುತ್ತವೆ. ಬಹಳ ಸಣ್ಣ ಕಣಗಳಂತೂ ಗಾಳಿಯ ಅಣುಗಳ ಹೊಡೆತಕ್ಕೆ ಅತ್ತಿತ್ತ ತೂರಾಡಿ ಯಾವುದಾದರೂ ನಾರಿಗೆ ತಗುಲುತ್ತವೆ.

ಹಾಗಾಗಿ ಫಿಲ್ಟರನ್ನು ಬೆಳಕಿಗೆ ಹಿಡಿದು "ತೂತು ದೊಡ್ಡದು, ಇದು ಕೆಲಸಕ್ಕೆ ಬಾರದು" ಅಂತಲೋ "ಒಳ್ಳೆ ಗಾಳಿಯಾಡುತ್ತೆ, ಇದೇ ಒಳ್ಳೆಯದು" ಅಂತಲೋ ಹೇಳಿಬಿಡಲು ಬರುವುದಿಲ್ಲ.

ಯಾವ ಫಿಲ್ಟರನ್ನಾದರೂ ಮೂರು ಪ್ರಶ್ನೆ ಕೇಳಿ ಅಳೆಯುತ್ತಾರೆ. ಬಂದ ಧೂಳಿನಲ್ಲಿ ಎಷ್ಟು ಭಾಗ ಹಿಡಿಯಿತು? ಗಾಳಿಗೆ ಎಷ್ಟು ಅಡ್ಡಿಯಾಯಿತು? ಕಟ್ಟಿಕೊಳ್ಳುವ ಮೊದಲು ಎಷ್ಟು ಧೂಳು ತುಂಬಿಕೊಂಡಿತು? ಇದಕ್ಕೆ ಐಎಸ್‌ಒ 5011 ಎಂಬ ಅಂತರರಾಷ್ಟ್ರೀಯ ಪರೀಕ್ಷಾ ವಿಧಾನ ಇದೆ. ತೂಕ ಮಾಡಿದ ಪರೀಕ್ಷಾ ಧೂಳನ್ನು ಗಾಳಿಗೆ ಬೆರೆಸಿ ಫಿಲ್ಟರ್ ಮೂಲಕ ಹಾಯಿಸಿ, ದಾಟಿ ಹೋದದ್ದನ್ನು ಮತ್ತೆ ತೂಗುತ್ತಾರೆ. ಈ ಧೂಳನ್ನು ಮೊದಲಿನಿಂದಲೂ ಅಮೆರಿಕದ ಅರಿಜೋನಾ ಮರುಭೂಮಿಯ ಮಣ್ಣಿನಿಂದ ತಯಾರಿಸುತ್ತ ಬಂದಿದ್ದಾರೆ.

ಮೂರರಲ್ಲೂ ಪೂರ್ತಿ ಅಂಕ ಪಡೆಯುವ ಫಿಲ್ಟರ್ ಇಲ್ಲ. ಕಿಟಕಿಗೆ ಹಾಕುವ ಸೊಳ್ಳೆ ಜಾಲರಿ ಹಾಗೇ ತಾನೆ? ಬಲೆ ಹತ್ತಿರ ಹತ್ತಿರವಾದಷ್ಟೂ ಸೊಳ್ಳೆ ಬರುವುದಿಲ್ಲ, ಗಾಳಿಯೂ ಕಡಿಮೆ.

ಇಲ್ಲೊಂದು ಲೆಕ್ಕವನ್ನು ನಿಧಾನವಾಗಿ ನೋಡಿ. ಒಂದು ಫಿಲ್ಟರ್ ಶೇ. 99 ಧೂಳು ಹಿಡಿಯುತ್ತದೆ, ಇನ್ನೊಂದು ಶೇ. 98. ಓದುವಾಗ ಒಂದೇ ಅಂಕದ ವ್ಯತ್ಯಾಸ. ಆದರೆ 100 ಗ್ರಾಂ ಧೂಳು ಬಂದರೆ ಮೊದಲನೆಯದು ಒಳಗೆ ಬಿಡುವುದು 1 ಗ್ರಾಂ, ಎರಡನೆಯದು 2 ಗ್ರಾಂ. ಎಂಜಿನ್ನಿನ ಕಡೆಯಿಂದ ನೋಡಿದರೆ ಧೂಳು ದುಪ್ಪಟ್ಟು. ಫಿಲ್ಟರ್ ಕೊಳ್ಳುವಾಗ ಹಿಡಿದದ್ದನ್ನಲ್ಲ, ಬಿಟ್ಟದ್ದನ್ನು ಲೆಕ್ಕ ಹಾಕಬೇಕು. ಜಾಹೀರಾತಿನಲ್ಲಿ ಈ ಲೆಕ್ಕ ಸಾಮಾನ್ಯವಾಗಿ ಕಾಣಿಸುವುದಿಲ್ಲ.

## ಪೇಪರ್ ಫಿಲ್ಟರ್

ಹೆಸರು ಪೇಪರ್, ಆದರೆ ನೋಟ್‌ಬುಕ್ಕಿನ ಹಾಳೆಯಂಥದ್ದಲ್ಲ. ಮರದ ನಾರಿನಿಂದ ಮಾಡಿ, ನೆನೆದರೂ ಮೆತ್ತಗಾಗದಂತೆ ರಾಳ ಕುಡಿಸಿದ ವಿಶೇಷ ಕಾಗದ. ಕೆಲವದರಲ್ಲಿ ಸಿಂಥೆಟಿಕ್ ನಾರೂ ಬೆರೆತಿರುತ್ತದೆ. ಅದನ್ನು ಹತ್ತಿರ ಹತ್ತಿರ ಮಡಿಚಿರುತ್ತಾರೆ. ಐದೂವರೆ ಮೀಟರ್ ಸೀರೆ ನೆರಿಗೆ ಹಿಡಿದರೆ ಒಂದು ಗೇಣಿನಲ್ಲಿ ನಿಲ್ಲುವ ಹಾಗೆ, ಚಿಕ್ಕ ಡಬ್ಬಿಯಲ್ಲಿ ದೊಡ್ಡ ಹಾಳೆ ಕೂರುತ್ತದೆ. ಹಾಳೆ ದೊಡ್ಡದಾದಷ್ಟೂ ಪ್ರತಿ ಚದರ ಸೆಂಟಿಮೀಟರಿನಲ್ಲಿ ಗಾಳಿ ನಿಧಾನ, ಅಡ್ಡಿಯೂ ಕಡಿಮೆ.

ಪೇಪರ್ ಫಿಲ್ಟರಿನ ಒಂದು ಗುಣ ಅನೇಕರಿಗೆ ಗೊತ್ತಿಲ್ಲ. ಸ್ವಲ್ಪ ಕೊಳೆಯಾದ ಮೇಲೆ ಅದು ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ಮೇಲೆ ಕೂತ ಧೂಳಿನ ಪದರವೇ ಇನ್ನೊಂದು ಫಿಲ್ಟರಿನಂತೆ ಕೆಲಸ ಮಾಡುತ್ತದೆ. ಹಾಗಾಗಿ ವಾರವಾರವೂ ಬಾನೆಟ್ ತೆಗೆದು ಫಿಲ್ಟರ್ ಕೊಡವುವುದು ಒಳ್ಳೆಯ ಅಭ್ಯಾಸದಂತೆ ಕಂಡರೂ ಎಂಜಿನ್ನಿಗೆ ಅದರಿಂದ ಲಾಭವಿಲ್ಲ. ಧೂಳು ಜಾಸ್ತಿ ಆಗುತ್ತ ಆಗುತ್ತ ಗಾಳಿಗೆ ಅಡ್ಡಿ ಹೆಚ್ಚುತ್ತದೆ. ಒಂದು ಹಂತ ದಾಟಿದ ಮೇಲೆ ಬದಲಾಯಿಸಬೇಕು.

ನಮ್ಮ ಸಣ್ಣ ಕಾರುಗಳ ಪೇಪರ್ ಫಿಲ್ಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕು ಅನ್ನುವುದು ಕಾರಿನ ಕೈಪಿಡಿಯಲ್ಲಿದೆ. ಅದರಲ್ಲಿ ಧೂಳಿನ ರಸ್ತೆಗೆ ಬೇರೆಯೇ, ಕಡಿಮೆ ಅಂತರ ಹೇಳಿರುತ್ತಾರೆ. ನಮ್ಮಲ್ಲಿ ಬಹಳ ಮಂದಿ ಓಡಿಸುವುದು ಆ ಎರಡನೇ ಸಾಲಿಗೆ ಸೇರುವ ರಸ್ತೆಗಳಲ್ಲೇ.

ಇನ್ನೊಂದು ಸಂಗತಿ. ಕೆಲವು ಜಪಾನಿ ವಿನ್ಯಾಸದ ಕಾರುಗಳಲ್ಲಿ ಬರುವ ಪೇಪರ್ ಫಿಲ್ಟರಿಗೆ ಕಾರ್ಖಾನೆಯಲ್ಲೇ ಸ್ವಲ್ಪ ಜಿಡ್ಡು ಹಚ್ಚಿರುತ್ತಾರೆ. ಅದು ಬೇಗ ಕಪ್ಪಾಗಿ ಕಾಣುತ್ತದೆ. ಕಪ್ಪಾಯಿತು ಅಂತ ಗಾಳಿ ಹೊಡೆಯಬಾರದು. ಅದನ್ನು ಸ್ವಚ್ಛ ಮಾಡಿ ಬಳಸುವಂತಿಲ್ಲ, ಹೇಳಿದ ಅಂತರಕ್ಕೆ ಬದಲಾಯಿಸುವುದಷ್ಟೇ.

## ಎಣ್ಣೆ ಹಚ್ಚಿದ ಫಿಲ್ಟರ್

ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ನೋಡಿದ್ದೀರಾ? ಹಾಲ್‌ನ ಫ್ಯಾನಿಗಿಂತ ಅದರ ರೆಕ್ಕೆಗೆ ಎಷ್ಟೋ ಪಟ್ಟು ಧೂಳು ಕೂತಿರುತ್ತದೆ. ಒಗ್ಗರಣೆಯ ಜಿಡ್ಡು ಧೂಳನ್ನು ಬಿಡುವುದಿಲ್ಲ. ಎಣ್ಣೆ ಹಚ್ಚಿದ ಫಿಲ್ಟರಿನ ಗುಟ್ಟೂ ಇದೇ.

ಇದರಲ್ಲಿ ಹತ್ತಿಯ ಸಡಿಲ ಬಟ್ಟೆಯ ಕೆಲವು ಪದರಗಳಿರುತ್ತವೆ, ಬ್ಯಾಂಡೇಜ್ ಬಟ್ಟೆಯ ಥರ. ಎರಡೂ ಕಡೆ ಲೋಹದ ಜಾಲರಿ. ಬಟ್ಟೆಯ ಕಣ್ಣು ಪೇಪರಿಗಿಂತ ದೊಡ್ಡದು. ಹಾಗಾಗಿ ಗಾಳಿ ಸಲೀಸಾಗಿ ಹೋಗುತ್ತದೆ. ದೊಡ್ಡ ಕಣ್ಣಿನಿಂದ ಧೂಳು ನುಸುಳದಂತೆ ತಡೆಯುವುದು ನೂಲಿಗೆ ಹಚ್ಚಿದ ಅಂಟು ಎಣ್ಣೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1969ರಲ್ಲಿ ಶುರುವಾದ ಕೆ ಆಂಡ್ ಎನ್ ಕಂಪನಿಯಿಂದ ಈ ಬಗೆ ಹೆಸರಾಯಿತು. ಎಣ್ಣೆ ಎಲ್ಲ ಕಡೆ ಹರಡಿದೆಯಾ ಅಂತ ಕಣ್ಣಿಗೆ ಗೊತ್ತಾಗಲಿ ಅಂತ ಅದಕ್ಕೆ ಕೆಂಪು ಬಣ್ಣ ಬೆರೆಸಿರುತ್ತಾರೆ.

ಎಣ್ಣೆಯಿಂದ ಧೂಳು ಹಿಡಿಯುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಟ್ರ್ಯಾಕ್ಟರಿನ ಆಯಿಲ್ ಬಾತ್ ಏರ್ ಕ್ಲೀನರ್ ಕೂಡ ಅದನ್ನೇ ಮಾಡುತ್ತದೆ. ಗಾಳಿ ಬಟ್ಟಲಿನ ಆಯಿಲ್ ಮೇಲೆ ಬಂದು ಸರಕ್ಕನೆ ಮೇಲಕ್ಕೆ ತಿರುಗುತ್ತದೆ, ಧೂಳು ಆಯಿಲಿಗೆ ಬೀಳುತ್ತದೆ. ಉಳುಮೆಯ ಕಾಲದಲ್ಲಿ ಆ ಬಟ್ಟಲಿನ ತಳ ಕೆಸರಾಗುವುದನ್ನು ನೋಡಿದ ರೈತರಿಗೆ ಅದನ್ನು ಆಗಾಗ ತೊಳೆಯದಿದ್ದರೆ ಏನಾಗುತ್ತದೆ ಅಂತ ಯಾರೂ ಹೇಳಿಕೊಡಬೇಕಿಲ್ಲ.

ಕಾರಿನ ಎಣ್ಣೆ ಫಿಲ್ಟರಿನಲ್ಲೂ ಕಷ್ಟ ಇರುವುದು ಅಲ್ಲೇ. ಅದರ ಸೋಸುವ ಶಕ್ತಿ ನಿಮ್ಮ ಕೈಯಲ್ಲಿದೆ. ತೊಳೆಯುವ ದ್ರಾವಣ ಹಾಕಿ, ಒಳಗಿನಿಂದ ಹೊರಕ್ಕೆ ಮೆಲ್ಲಗೆ ನೀರು ಹರಿಸಿ, ನೆರಳಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಹದವಾಗಿ ಎಣ್ಣೆ ಹಾಕಬೇಕು. ಇದಕ್ಕೆ ಅರ್ಧ ದಿನಕ್ಕಿಂತ ಜಾಸ್ತಿ ಹಿಡಿಯುತ್ತದೆ. ಮಳೆಗಾಲದ ಮಲೆನಾಡಿನಲ್ಲೋ ಕರಾವಳಿಯಲ್ಲೋ ಒಣಗುವುದೇ ದೊಡ್ಡ ಕೆಲಸ. ಅಷ್ಟು ಹೊತ್ತು ಕಾರು ನಿಂತಿರಬೇಕು. ಎಣ್ಣೆ ಕಡಿಮೆಯಾದರೆ ಆ ಜಾಗದಲ್ಲಿ ದೊಡ್ಡ ಕಣ್ಣಿನ ಬಟ್ಟೆ ಮಾತ್ರ ಉಳಿಯುತ್ತದೆ, ಧೂಳು ನೇರ ಒಳಗೆ.

ಎಣ್ಣೆ ಜಾಸ್ತಿಯಾದರೆ ಇನ್ನೊಂದು ತೊಂದರೆ. ಅನೇಕ ಕಾರುಗಳಲ್ಲಿ ಫಿಲ್ಟರ್ ಆದ ಕೂಡಲೇ ಏರ್ ಫ್ಲೋ ಸೆನ್ಸರ್ ಇರುತ್ತದೆ. ಅದರೊಳಗೆ ಬಿಸಿ ಮಾಡಿದ ಸಣ್ಣ ತಂತಿ ಅಥವಾ ಪದರ ಇರುತ್ತದೆ. ಹಾದುಹೋಗುವ ಗಾಳಿ ಅದನ್ನು ಎಷ್ಟು ತಣ್ಣಗೆ ಮಾಡಿತು ಅನ್ನುವುದರಿಂದ ಎಷ್ಟು ಗಾಳಿ ಬಂತು ಅಂತ ಕಂಪ್ಯೂಟರಿಗೆ ಗೊತ್ತಾಗುತ್ತದೆ. ಬಿಸಿ ಕಾಫಿಗೆ ಊದಿದರೆ ತಣ್ಣಗಾಗುವ ಹಾಗೆ. ಹೆಚ್ಚಾದ ಎಣ್ಣೆ ಹಾರಿಹೋಗಿ ಆ ತಂತಿಗೆ ಕೂತರೆ ಲೆಕ್ಕ ತಪ್ಪುತ್ತದೆ. ಲೆಕ್ಕ ತಪ್ಪಿದರೆ ಪೆಟ್ರೋಲಿನ ಪ್ರಮಾಣ ತಪ್ಪುತ್ತದೆ, ಚೆಕ್ ಎಂಜಿನ್ ದೀಪ ಹತ್ತಬಹುದು. ಸರಿಯಾಗಿ ಎಣ್ಣೆ ಹಾಕಿದರೆ ಹೀಗಾಗುವುದಿಲ್ಲ ಅಂತ ತಯಾರಕರು ಹೇಳುತ್ತಾರೆ. "ಸರಿಯಾಗಿ" ಅನ್ನುವ ಮಾತಿನಲ್ಲೇ ಎಲ್ಲ ಇದೆ. ನಿಮ್ಮ ಕಾರಿನಲ್ಲಿ ಈ ಸೆನ್ಸರ್ ಬದಲು ಒತ್ತಡ ಅಳೆಯುವ ಸೆನ್ಸರ್ ಮಾತ್ರ ಇದ್ದರೆ ಈ ಅಪಾಯ ಇಲ್ಲ. ಮೆಕ್ಯಾನಿಕ್ಕನ್ನು ಕೇಳಿದರೆ ಹೇಳುತ್ತಾರೆ.

## ಡ್ರೈ ಫಿಲ್ಟರ್

ಪೇಪರ್ ಕೂಡ ಡ್ರೈ ತಾನೆ ಅಂತ ನೀವು ಕೇಳಬಹುದು. ನಿಜ. ಆದರೆ ಮಾರುಕಟ್ಟೆಯಲ್ಲಿ "ಡ್ರೈ" ಅಂದರೆ ಪಾಲಿಯೆಸ್ಟರಿನಂಥ ಸಿಂಥೆಟಿಕ್ ನಾರಿನಿಂದ ಮಾಡಿದ, ತೊಳೆದು ಬಳಸುವ, ಎಣ್ಣೆ ಬೇಡದ ಫಿಲ್ಟರ್. ಇದು ಧೂಳು ಹಿಡಿಯುವುದು ನಾರಿನ ದಟ್ಟಣೆಯಿಂದ, ಅಂಟಿನಿಂದಲ್ಲ. ಸೆನ್ಸರಿಗೆ ಎಣ್ಣೆ ಕೂರುವ ಭಯ ಇಲ್ಲ. ತೊಳೆಯುವುದು ಸುಲಭ, ಎಣ್ಣೆಯ ಹದ ನೋಡುವ ಕೆಲಸವಿಲ್ಲ. ಪೇಪರಿನಷ್ಟು ತೇವಕ್ಕೂ ಹೆದರುವುದಿಲ್ಲ.

ಗಾಳಿಗೆ ಅಡ್ಡಿ ಮತ್ತು ಸೋಸುವಿಕೆ ಎರಡರಲ್ಲೂ ಇದು ಸಾಮಾನ್ಯವಾಗಿ ಪೇಪರಿಗೂ ಎಣ್ಣೆಗೂ ನಡುವೆ ನಿಲ್ಲುತ್ತದೆ. ಒಳ್ಳೆಯವು ಪೇಪರಿಗೆ ತೀರಾ ಹತ್ತಿರ. ಆದರೆ "ಡ್ರೈ" ಅನ್ನುವುದು ಒಂದೇ ವಸ್ತುವಿನ ಹೆಸರಲ್ಲ. ಒಬ್ಬರ ಡ್ರೈ ಫಿಲ್ಟರಿಗೂ ಇನ್ನೊಬ್ಬರದಕ್ಕೂ ಬಹಳ ಅಂತರ ಇರಬಹುದು. ಐಎಸ್‌ಒ 5011 ಪರೀಕ್ಷೆಯ ಅಂಕಿಗಳನ್ನು ಪ್ರಕಟಿಸಿದ ಕಂಪನಿಯದ್ದನ್ನೇ ನೋಡಿ. ಅಂಕಿ ಇಲ್ಲದೆ ಬಣ್ಣ, ಹೆಸರು ಮಾತ್ರ ಇದ್ದರೆ ನಾನಾದರೆ ಕೊಳ್ಳುವುದಿಲ್ಲ.

## ಪವರ್, ಮೈಲೇಜ್ ನಿಜವಾಗಿಯೂ ಹೆಚ್ಚುತ್ತದಾ?

ಚೆನ್ನಾಗಿರುವ ಪೇಪರ್ ಫಿಲ್ಟರ್ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗಲೂ ಗಾಳಿಯ ಒತ್ತಡದಲ್ಲಿ ಸಾಮಾನ್ಯವಾಗಿ 1 ಕಿಲೋಪಾಸ್ಕಲ್ ಆಸುಪಾಸು ಕಳೆಯುತ್ತದೆ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್. ಅಂದರೆ ನೂರರಲ್ಲಿ ಒಂದು ಪಾಲು. ಫಿಲ್ಟರನ್ನೇ ತೆಗೆದು ಎಸೆದರೂ ಸಿಗುವುದು ಅಷ್ಟೇ.

ಇದನ್ನು ಹೀಗೆ ನೋಡಿ. ಮಂಗಳೂರು ಸಮುದ್ರದ ಮಟ್ಟದಲ್ಲಿದೆ, ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಶಿರಾಡಿ ಘಾಟಿ ಹತ್ತಿ ಬೆಂಗಳೂರು ತಲುಪುವಷ್ಟರಲ್ಲಿ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಭಾಗ ಇಳಿದಿರುತ್ತದೆ. ಟರ್ಬೊ ಇಲ್ಲದ ಕಾರಿಗೆ ಅಷ್ಟು ಪವರ್ ಕಡಿಮೆಯಾಗುತ್ತದೆ. ನಮ್ಮಲ್ಲಿ ಬಹಳ ಜನ ಅದನ್ನು ಗಮನಿಸುವುದೇ ಇಲ್ಲ. ಹಾಗಿರುವಾಗ ಫಿಲ್ಟರ್ ಬದಲಾಯಿಸಿ ಸಿಗುವ ನೂರರಲ್ಲಿ ಅರ್ಧವೋ ಒಂದೋ ಪಾಲು ಕಾಲಿಗೆ ಗೊತ್ತಾಗುವುದು ಕಷ್ಟ. ಎಣ್ಣೆ ಫಿಲ್ಟರ್ ಹಾಕಿದಾಗ ಕೇಳುವ ಜೋರು ಶಬ್ದ ಪವರ್ ಹೆಚ್ಚಿದಂತೆ ಅನ್ನಿಸುವುದುಂಟು.

ಮೈಲೇಜಿನ ಮಾತು ಇನ್ನೂ ಸ್ಪಷ್ಟ. ಊರೊಳಗೆ ಓಡಿಸುವಾಗ ಪೆಟ್ರೋಲ್ ಕಾರಿನ ಥ್ರಾಟಲ್ ಬಾಗಿಲು ಅರೆ ಮುಚ್ಚಿರುತ್ತದೆ. ಗಾಳಿಗೆ ಅಡ್ಡಿ ಮಾಡುವುದೇ ಅದರ ಕೆಲಸ. ಗೇಟು ಅರ್ಧ ಮುಚ್ಚಿಟ್ಟು ಅಂಗಳ ಅಗಲ ಮಾಡಿದರೆ ಜನ ಬೇಗ ಒಳಗೆ ಬರುತ್ತಾರಾ? ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇದನ್ನು ಪರೀಕ್ಷಿಸಿತು. ಕಂಪ್ಯೂಟರ್ ನಿಯಂತ್ರಣದ ಇಂಜೆಕ್ಷನ್ ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡಿದ್ದರೂ ಮೈಲೇಜಿನಲ್ಲಿ ಗಮನಿಸುವಂಥ ವ್ಯತ್ಯಾಸ ಸಿಗಲಿಲ್ಲ. ವೇಗ ಹಿಡಿಯುವ ಶಕ್ತಿ ಮಾತ್ರ ಕಡಿಮೆಯಾಯಿತು. ಕಂಪ್ಯೂಟರ್ ಇಲ್ಲದೆ ಪೆಟ್ರೋಲನ್ನು ಗಾಳಿಗೆ ಬೆರೆಸುವ ಹಳೆಯ ಕಾರ್ಬುರೇಟರ್ ಕಾರಿನಲ್ಲಿ ಶೇ. 2ರಿಂದ 6ರಷ್ಟು ಮೈಲೇಜ್ ವ್ಯತ್ಯಾಸ ಕಂಡಿತು. ಕಾರ್ಬುರೇಟರ್ ಇದ್ದ ಕಾಲದ ಮಾರುತಿ 800 ಓಡಿಸಿದವರು "ಫಿಲ್ಟರ್ ಬದಲಾಯಿಸಿದರೆ ಮೈಲೇಜ್ ಬರುತ್ತೆ" ಅನ್ನುತ್ತಿದ್ದುದು ಸುಳ್ಳಲ್ಲ. ಆ ಮಾತು ಇಂದಿನ ಕಾರಿಗೆ ಹೊಂದುವುದಿಲ್ಲ, ಅಷ್ಟೇ.

ಡೀಸೆಲ್‌ನಲ್ಲಿ ಪೆಟ್ರೋಲ್ ಕಾರಿನ ಹಾಗೆ ಗಾಳಿಯನ್ನು ಥ್ರಾಟಲ್‌ನಿಂದ ತಡೆದು ಓಡಿಸುವುದಿಲ್ಲ. ಅಲ್ಲಿ ಫಿಲ್ಟರ್ ತೀರಾ ಕಟ್ಟಿಕೊಂಡರೆ ಕಪ್ಪು ಹೊಗೆ ಬೇಗ ಕಾಣುತ್ತದೆ.

## ಹಾಗಾದರೆ ಯಾರಿಗೆ ಯಾವುದು?

ಆಫೀಸು, ಮನೆ, ಹಬ್ಬಕ್ಕೆ ಊರು. ಇಷ್ಟಕ್ಕೆ ಕಾರು ಬಳಸುವವರಿಗೆ ಕಂಪನಿ ಹೇಳಿದ ಅಳತೆಯ ಪೇಪರ್ ಫಿಲ್ಟರೇ ಸರಿ. ವಾರಂಟಿ ಇರುವ ಕಾರಿಗಂತೂ ಬೇರೆ ಹಾಕುವ ಮೊದಲು ವಾರಂಟಿ ಪುಸ್ತಕ ಓದಿ.

ಧೂಳು ಬಹಳ ಇರುವ ಕಡೆ, ಗಣಿ ರಸ್ತೆ, ಕ್ವಾರಿ, ಮಣ್ಣಿನ ದಾರಿ ದಿನವೂ ಇದ್ದರೆ, ಪೇಪರ್ ಬೇಗ ತುಂಬುತ್ತದೆ. "ಹೇಗೂ ಬೇಗ ಕೊಳೆಯಾಗುತ್ತೆ, ತೊಳೆಯುವುದನ್ನೇ ಹಾಕೋಣ" ಅನ್ನಿಸುವುದು ಸಹಜ. ಆದರೆ ಧೂಳು ಜಾಸ್ತಿ ಇರುವ ಕಡೆಯೇ ಸೋಸುವಿಕೆ ಜಾಸ್ತಿ ಬೇಕು. ಮೇಲಿನ 1 ಗ್ರಾಂ, 2 ಗ್ರಾಂ ಲೆಕ್ಕ ಅಲ್ಲಿ ಇನ್ನೂ ದೊಡ್ಡದಾಗುತ್ತದೆ. ಅಂಥವರು ಪೇಪರನ್ನೇ ಬೇಗ ಬೇಗ ಬದಲಾಯಿಸುವುದು ಒಳ್ಳೆಯದು. ಅದು ಆಗದಿದ್ದರೆ ಪರೀಕ್ಷೆಯ ಅಂಕಿ ಇರುವ ಡ್ರೈ ಫಿಲ್ಟರ್ ಎರಡು ಕೊಂಡು, ಒಂದು ಒಣಗುವಾಗ ಇನ್ನೊಂದು ಹಾಕಬಹುದು.

ಎಣ್ಣೆ ಫಿಲ್ಟರ್ ನಿಜವಾಗಿ ಹೊಂದುವುದು ರೇಸಿಗೆ ಓಡಿಸುವವರಿಗೆ, ಎಂಜಿನ್ ಟ್ಯೂನ್ ಮಾಡಿಸಿ ಮೊದಲಿಗಿಂತ ತುಂಬಾ ಜಾಸ್ತಿ ಗಾಳಿ ಬೇಕಾದವರಿಗೆ, ತೊಳೆದು ಎಣ್ಣೆ ಹಚ್ಚುವ ಕೆಲಸವನ್ನು ತಾವೇ ಪ್ರೀತಿಯಿಂದ ಮಾಡುವವರಿಗೆ. ಹಣದ ಲೆಕ್ಕಕ್ಕೆ ಕೊಳ್ಳುವುದಾದರೆ ತೊಳೆಯುವ ಕಿಟ್ಟಿನ ಬೆಲೆಯನ್ನೂ ಸೇರಿಸಿ, ಕಾರನ್ನು ಇನ್ನೆಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಅಂತ ಯೋಚಿಸಿ. ಸಣ್ಣ ಕಾರಿನ ಪೇಪರ್ ಬೆಲೆಗೆ ಹೋಲಿಸಿದರೆ ಹಾಕಿದ ಹಣ ವಾಪಸ್ ಬರಲು ಬಹಳ ವರ್ಷ ಹಿಡಿಯಬಹುದು.

## ಗ್ಯಾರೇಜಿನಲ್ಲಿ ಒಂದು ಕಣ್ಣಿಡಿ

ಕೆಲವು ವರ್ಷಗಳ ಹಿಂದೆ ನನ್ನ ಕಾರಿನ ಪೇಪರ್ ಫಿಲ್ಟರಿಗೆ ಒಂದು ಗ್ಯಾರೇಜಿನ ಹುಡುಗ ಟೈರಿಗೆ ಹೊಡೆಯುವ ಗಾಳಿಯ ಪೈಪನ್ನೇ ಹತ್ತಿರ ಹಿಡಿದು ಜೋರಾಗಿ ಹೊಡೆದ. ಫಿಲ್ಟರ್ ಬೆಳ್ಳಗಾಯಿತು, ನನಗೂ ಖುಷಿಯಾಯಿತು. ಮನೆಗೆ ಬಂದು ಬಿಸಿಲಿಗೆ ಹಿಡಿದು ನೋಡಿದರೆ ಒಂದು ನೆರಿಗೆಯ ಅಂಚಿನಲ್ಲಿ ಕೂದಲಿನಷ್ಟು ಸೀಳು. ಅಂಥ ಸೀಳಿನಿಂದ ಗಾಳಿ ಸೋಸದೆಯೇ ಒಳಗೆ ಹೋಗುತ್ತದೆ. ಕೊಳೆಯಾದ ಫಿಲ್ಟರಿಗಿಂತ ಹರಿದ ಫಿಲ್ಟರ್ ಎಷ್ಟೋ ಪಾಲು ಕೆಟ್ಟದ್ದು. ಗಾಳಿ ಹೊಡೆಯಲೇಬೇಕಾದರೆ ಒತ್ತಡ ಕಡಿಮೆ ಇಟ್ಟು, ದೂರದಿಂದ, ಒಳಬದಿಯಿಂದ ಹೊರಬದಿಗೆ ಹೊಡೆಯಬೇಕು. ನೆಲಕ್ಕೆ ಕುಟ್ಟಿದರೆ ಅಂಚಿನ ರಬ್ಬರ್ ಸೊಟ್ಟಗಾಗುತ್ತದೆ, ಅದೂ ಬೇಡ.

ಎಷ್ಟೇ ಒಳ್ಳೆಯ ಫಿಲ್ಟರ್ ತಂದರೂ ಡಬ್ಬಿಯಲ್ಲಿ ಸರಿಯಾಗಿ ಕೂರದಿದ್ದರೆ ಅದು ಬಾಗಿಲು ಹಾಕಿ ಕಿಟಕಿ ತೆರೆದಿಟ್ಟಂತೆ. ಸರ್ವಿಸ್ ಆದ ಮೇಲೆ ಡಬ್ಬಿಯ ಎಲ್ಲ ಕ್ಲಿಪ್ಪುಗಳೂ ಕೂತಿವೆಯಾ ನೋಡಿ. ಮುಂದಿನ ಸಲ ಫಿಲ್ಟರ್ ತೆಗೆದಾಗ, ಎಂಜಿನ್ ಕಡೆಗೆ ಹೋಗುವ ಪೈಪಿನ ಒಳಗೋಡೆಯನ್ನು ಒಂದು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಬೆಳ್ಳಗೇ ಬಂದರೆ ನಿಮ್ಮ ಫಿಲ್ಟರ್ ತನ್ನ ಕೆಲಸ ಮಾಡುತ್ತಿದೆ. ಕೆಂಪು ಧೂಳು ಹತ್ತಿದರೆ ಹೊಸ ಫಿಲ್ಟರಿಗೆ ದುಡ್ಡು ಕೊಡುವ ಮೊದಲು ಆ ಡಬ್ಬಿಯ ರಬ್ಬರನ್ನೂ ಕ್ಲಿಪ್ಪನ್ನೂ ಸರಿ ಮಾಡಿಸಿ.